ಮದ್ಯತ್ಯಾಗವೂ ಸ್ಥಿತಿಕರಣವೂ

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದುದೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯದ ದೋಷವನ್ನು ಎರಡು ಬಗೆಯಾಗಿ ತೋರಿದ್ದಾರೆ. ಅದು ಅನೇಕ ಜೀವಗಳ ಉತ್ಪತ್ತಿಸ್ಥಾನವಾದುದರಿಂದ ಅದರ ಸೇವನೆಯೇ ಹಿಂಸೆ. ಅದು ಮನಸ್ಸನ್ನು ಮೋಹಗೊಳಿಸುವುದರಿಂದ ಕುಡಿದವನು ಧರ್ಮವನ್ನು ಮರೆತು ಮತ್ತಷ್ಟು ಹಿಂಸೆಗಿಳಿಯುತ್ತಾನೆ. ಇಷ್ಟರಲ್ಲಿ ವಿವಾದವಿಲ್ಲ. ಆದರೆ ಜೈನಕುಲದಲ್ಲಿ ಹುಟ್ಟಿಯೂ ಒಬ್ಬನು ಈ ವ್ಯಸನಕ್ಕೆ ಬಿದ್ದು, ಪಶ್ಚಾತ್ತಾಪಪಟ್ಟು ಅದನ್ನು ಬಿಡಲು ಹೊರಟಾಗ, ಆ ಮೊದಲ ತಿಂಗಳುಗಳಲ್ಲಿ ಅವನ ಸುತ್ತಲಿನವರ ಧರ್ಮವೇನು? ಈ ಪ್ರಶ್ನೆಯನ್ನು ನಾನು ಬಹುಕಾಲ ಕೇಳಿಕೊಂಡಿರಲಿಲ್ಲ. ಅದಕ್ಕೆ ಬೆಲೆ ತೆತ್ತವನು ಬೇರೊಬ್ಬ.

ಕೆಲವು ವರ್ಷಗಳ ಹಿಂದೆ ಹುಲೇಕಲ್ಲಿನ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಾಯಿಯೊಡನೆ ಬಂದನು. ಅಡಿಕೆ ತೋಟದ ಬದುಕು. ಕೊನೆಕೊಯ್ಲಿನ ದಿನಗಳ ಸಹವಾಸದಲ್ಲಿ ಮೊದಲಾದ ಕುಡಿತ ಕ್ರಮೇಣ ಹಗಲಿಗೂ ಹಬ್ಬಿತ್ತು. "ಮಾಸ್ತರ್ರೇ, ಇವನಿಗೊಂದು ವ್ರತ ಕೊಡಿಸಿ" ಎಂದರು ಆ ತಾಯಿ. ದಶಲಕ್ಷಣ ಪರ್ವ ಸಮೀಪಿಸಿತ್ತು. ಬಸದಿಯಲ್ಲಿ ಹತ್ತು ಜನರೆದುರು ಯಾವಜ್ಜೀವ ಮದ್ಯತ್ಯಾಗದ ವ್ರತವನ್ನು ತೆಗೆದುಕೊಳ್ಳುವಂತೆಯೂ, ಪ್ರಾಯಶ್ಚಿತ್ತವಾಗಿ ಉಪವಾಸ ಮಾಡುವಂತೆಯೂ ನಾನೇ ಪ್ರೇರೇಪಿಸಿದೆನು. ಮೂರನೆಯ ದಿನ ಅವನ ಕೈಕಾಲು ನಡುಗಿದವು; ಇಲ್ಲದುದನ್ನು ಕಂಡವನಂತೆ ಮಾತನಾಡತೊಡಗಿದನು. ಶಿರಸಿಗೆ ಒಯ್ದು ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವ ಉಳಿಯಿತು. ಆದರೆ ಒಂದೂವರೆ ತಿಂಗಳಲ್ಲಿ ಅವನು ಮತ್ತೆ ಕುಡಿದನು. ವ್ರತಭಂಗ ಮಾಡಿದವನೆಂದು ಜನರು ಬಸದಿಯಲ್ಲಿ ಅವನಿಂದ ಸರಿದು ನಿಂತರು. ನಾನು ಸರಿದು ನಿಲ್ಲಲಿಲ್ಲ. ಆದರೆ ಅವನ ಮನೆಗೆ ಹೋಗಲೂ ಇಲ್ಲ. ಇವೆರಡಕ್ಕೂ ಎಷ್ಟು ಅಂತರ?

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳು ಒಂದರ ಹಿಂದೊಂದು ಬರುತ್ತವೆ. ಅಶಕ್ತನ ದೋಷವನ್ನು ಬೀದಿಗೆಳೆಯದಿರುವುದು ಉಪಗೂಹನ. ನಮ್ಮ ಮನೆಗಳು ಇಲ್ಲಿಗೇ ನಿಲ್ಲುತ್ತವೆ. ಮಗನ ಕುಡಿತವನ್ನು ನೆಂಟರಿಂದ ಮುಚ್ಚಿಟ್ಟು, ವೈದ್ಯರಿಂದಲೂ ಮುಚ್ಚಿಟ್ಟು, ಅದನ್ನೇ ಮರ್ಯಾದೆಯೆನ್ನುತ್ತೇವೆ. ಕೈಹಿಡಿದೆತ್ತದೆ ಬರಿದೇ ಮುಚ್ಚುವುದು ಉಪಗೂಹನವಲ್ಲ, ಉಪೇಕ್ಷೆ. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಮರಳಿ ನೆಲೆಗೊಳಿಸುವುದು ಸ್ಥಿತಿಕರಣ. ಅದು ಜಾರಿದವನಿಗೆ ನಾವು ಮಾಡುವ ಉಪಕಾರವೆಂದು ಹೇಳಿಲ್ಲ. ನಮ್ಮದೇ ಸಮ್ಯಗ್ದರ್ಶನದ ಅಂಗವೆಂದು ಹೇಳಿದೆ. ಅಂಗಹೀನವಾದ ದರ್ಶನವು ಭವಸಂತತಿಯನ್ನು ಕಡಿಯಲಾರದೆಂಬುದು ಸಮಂತಭದ್ರಾಚಾರ್ಯರ ಅಭಿಪ್ರಾಯ. ಅಂದಮೇಲೆ ಅವನು ಬಿದ್ದಾಗ ನಾನು ಮನೆಯಲ್ಲಿ ಕುಳಿತಿದ್ದರೆ ಊನವಾದದ್ದು ಅವನ ವ್ರತ ಮಾತ್ರವಲ್ಲ.

ಈ ಅಂಗಕ್ಕೆ ದೃಷ್ಟಾಂತನಾದ ವಾರಿಷೇಣ ಮುನಿಯ ಕಥೆಯನ್ನು ವಾಚಕರು ಬಲ್ಲರು. ಶ್ರೇಣಿಕ ಮಹಾರಾಜನ ಪುತ್ರನಾದ ಆತನನ್ನು ಅನುಸರಿಸಿ ದೀಕ್ಷೆ ಪಡೆದ ಮಿತ್ರ ಪುಷ್ಪಡಾಲನ ಮನಸ್ಸು ಹನ್ನೆರಡು ವರ್ಷಗಳಾದರೂ ಬಿಟ್ಟುಬಂದ ಪತ್ನಿಯಲ್ಲೇ ಇತ್ತು. ವಾರಿಷೇಣನು ಅವನನ್ನು ಸಂಘದ ಮುಂದೆ ನಿಲ್ಲಿಸಿ ನಿಂದಿಸಲಿಲ್ಲ. ತಾನೇ ಅವನನ್ನು ರಾಜಗೃಹದ ಅರಮನೆಗೆ ಕರೆದೊಯ್ದನು. ಮಗನೇ ಚಾರಿತ್ರದಿಂದ ಜಾರಿ ಬಂದನೋ ಎಂದು ತಾಯಿ ಚೇಲಿನಿಯು ಶಂಕಿಸಿದಳು. ಆ ಶಂಕೆಯನ್ನೂ ಆತನು ಸಹಿಸಿದನು. ತಾನು ತ್ಯಜಿಸಿದ ಸಿರಿಯನ್ನೆಲ್ಲ ಮಿತ್ರನಿಗೆ ತೋರಿ, ಬೇಕಾದರೆ ಇದನ್ನು ನೀನೇ ಭೋಗಿಸು ಎಂದಾಗ ಪುಷ್ಪಡಾಲನು ನಾಚಿ ಸ್ಥಿರನಾದನು. ಜಾರಿದವನ ಜೊತೆಯಲ್ಲಿ ನಡೆಯುವವನು ತಾನೂ ಅಪವಾದಕ್ಕೆ ಸಿದ್ಧನಿರಬೇಕೆಂಬುದು ಈ ಕಥೆಯ ತಿರುಳೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ವ್ರತ ಮುರಿದವನನ್ನು ಹೀಗೆ ಆದರಿಸಿದರೆ ವ್ರತದ ಗೌರವ ಕುಂದದೆ? ಸಮಾಧಾನವೇನೆಂದರೆ, ದೋಷವನ್ನು ದೋಷವಲ್ಲವೆನ್ನುವುದು ಬೇರೆ, ದೋಷಿಯನ್ನು ಬಿಡದಿರುವುದು ಬೇರೆ. ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ವಿಧಾನವೇ ನಮ್ಮಲ್ಲಿದೆ. ಬಿದ್ದವನು ಏಳಬಲ್ಲನೆಂಬ ನಂಬಿಕೆಯಿಲ್ಲದಿದ್ದರೆ ಅವು ಏತಕ್ಕೆ? ಕಾಲಮಿತಿಯುಳ್ಳ ತ್ಯಾಗ ನಿಯಮ, ಯಾವಜ್ಜೀವದ ತ್ಯಾಗ ಯಮ ಎಂಬ ವಿವೇಕವನ್ನೂ ಆಚಾರ್ಯರು ಕೊಟ್ಟಿದ್ದಾರೆ. ಚತುರ್ದಶಿಯೊಂದು ದಿನ ಕೊಲ್ಲೆನೆಂಬ ನಿಯಮವನ್ನು ಪ್ರಾಣದ ಹಂಗಿಲ್ಲದೆ ಕಾಪಾಡಿದ ಯಮಪಾಲನನ್ನು ಅಹಿಂಸಾಣುವ್ರತಕ್ಕೆ ನಿದರ್ಶನವಾಗಿ ಸ್ಮರಿಸುತ್ತೇವೆ. ಮದ್ಯತ್ಯಾಗದ ಗುರಿ ಯಾವಜ್ಜೀವವೇ ಸರಿ; ಆದರೆ ನಡುಗುವ ಕೈಗೆ ಅಷ್ಟು ಭಾರವನ್ನು ಒಮ್ಮೆಲೇ ಹೊರಿಸಿ ದೂರ ನಿಂತದ್ದು ನನ್ನ ತಪ್ಪು.

ಉಪವಾಸದ ವಿಷಯದಲ್ಲಂತೂ ನನ್ನದು ಅಜ್ಞಾನವೇ ಆಗಿತ್ತು. ದಿನವೂ ಬಹಳವಾಗಿ ಕುಡಿಯುತ್ತಿದ್ದವನು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಅಪಸ್ಮಾರದಂತಹ ಸೆಳವು, ಚಿತ್ತಭ್ರಮೆಗಳು ತಲೆದೋರಬಹುದು; ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೂ ಹೋಗಬಹುದು. ಅಂತಹ ದೇಹದಲ್ಲಿ ಬಿ-1 ಜೀವಸತ್ವದ ಕೊರತೆಯೂ ಸಾಮಾನ್ಯ. ಅದು ಮಿದುಳಿಗೆ ಹಾನಿ ಮಾಡುತ್ತದೆ. ಆದುದರಿಂದ ಮೊದಲು ವೈದ್ಯರು, ಆಮೇಲೆ ನೋಂಪಿ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆಯೇ ಹೇಳಿದೆಯೆಂಬುದನ್ನು ಮರೆಯಬಾರದು. ಸಂಕೋಚಪಡುವವರು ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆಮಾಡಿ ಕೇಳಬಹುದು.

ಸಂಗಾತಿಗಳ ಬಲವೆಂತಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ 1990ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಮೊದಲಾದ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅದರ ಮಹತ್ತ್ವವಿರುವುದು ಆ ಎಂಟು ದಿನಗಳಲ್ಲಿ ಮಾತ್ರವಲ್ಲ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಕೂಡುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವವನ್ನು ಆಚರಿಸುತ್ತಾರೆ. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ನಡೆದುದೂ ಇಂತಹುದೇ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬವನು ವ್ಯವಹಾರದಲ್ಲಿ ಸೋತು, ಮತ್ತೆ ಕುಡಿದೇನೆಂಬ ಭಯದಿಂದ, ತನ್ನಂತೆಯೇ ನರಳುವ ಇನ್ನೊಬ್ಬನನ್ನು ಹುಡುಕಿ ಹೊರಟನು. ಆಗ ದೊರೆತವನು ವೈದ್ಯ ಬಾಬ್ ಸ್ಮಿತ್. ಅವರಿಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಲೋಕವ್ಯಾಪಿ ಸಂಘವು ಹುಟ್ಟಿತು. ಇನ್ನೊಬ್ಬನನ್ನು ನಿಲ್ಲಿಸಲು ಹೋದವನು ತಾನೂ ನಿಂತನು.

ಕಡೆಗೆ ನಾನು ಆ ಹುಡುಗನ ಮನೆಗೆ ಹೋದೆನು. ಹೋಗಲು ನನಗೆ ನಾಲ್ಕು ತಿಂಗಳು ಬೇಕಾದವೆಂಬುದನ್ನೂ ಹೇಳಿಬಿಡುತ್ತೇನೆ. "ಸರ್, ನೀವು ಬೈದಿದ್ದರೂ ಸಾಕಿತ್ತು, ಬರಲೇ ಇಲ್ಲ" ಎಂದನು. ಅವನು ಚಿಕಿತ್ಸೆ ಪಡೆದನು, ಶಿಬಿರಕ್ಕೂ ಹೋಗಿಬಂದನು. ಈಗ ಪ್ರತಿ ಚತುರ್ದಶಿಯ ಸಂಜೆ ನಮ್ಮ ಮನೆಗೆ ಬಂದು, ಮುಂದಿನ ಚತುರ್ದಶಿಯವರೆಗೆ ಮದ್ಯವನ್ನು ಮುಟ್ಟೆನೆಂಬ ನಿಯಮವನ್ನು ತೆಗೆದುಕೊಳ್ಳುತ್ತಾನೆ. ನಡುವೆ ಒಮ್ಮೆ ಜಾರಿದನು. ಅಂದು ಚತುರ್ದಶಿಯಲ್ಲ, ಆದರೂ ಬಂದು ಹೇಳಿದನು. ನನಗೆ ಆ ದಿನವೇ ಎಲ್ಲಕ್ಕಿಂತ ದೊಡ್ಡ ಪರ್ವವಾಗಿ ಕಂಡಿತು.

ಕುಡಿಯದಿರುವುದು ಅವನ ನಿಯಮ. ಚತುರ್ದಶಿಯ ಸಂಜೆ ಊರು ಬಿಡದೆ, ದೀಪ ಹಚ್ಚಿ ಜಗುಲಿಯಲ್ಲಿ ಕಾಯುವುದು ನನ್ನ ನಿಯಮ. ನೋಂಪಿಗಳ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ. ಆದರೆ ಇಂತಹ ಒಬ್ಬನಿರುವ ಪ್ರತಿಯೊಂದು ಊರಿನಲ್ಲಿಯೂ ಯಾರಾದರೊಬ್ಬರು ಇದನ್ನು ಕೈಗೊಳ್ಳಲಿ ಎಂಬುದೇ ನನ್ನ ವಿನಂತಿ.