ವಿದ್ಯುತ್ ಕ್ಷೇತ್ರದಲ್ಲಿ ಸ್ನಿಗ್ಧತೆ: ಒಂದು ಮೀಮಾಂಸೆ

ಎರಡು ಲೋಹದ ಫಲಕಗಳ ನಡುವೆ 1 ಮಿ.ಮೀ. ಸಂದಿ. ಅದರಲ್ಲಿ ಹರಿಯುವ ದ್ರವ ಪೂರ್ತಿ ನಿರೋಧಕವಲ್ಲ, ಉಪ್ಪುನೀರಿನಷ್ಟು ವಾಹಕವೂ ಅಲ್ಲ. ಬೆರಳೆಣಿಕೆಯ ಅಯಾನುಗಳಿರುವ ಅಲ್ಪವಾಹಕ. ಫಲಕಗಳಿಗೆ 1000 ವೋಲ್ಟ್ ಕೊಟ್ಟರೆ ಹರಿವು ತುಸು ಕುಂದುತ್ತದೆ. ಹಾಗಾದರೆ ದ್ರವದ ಸ್ನಿಗ್ಧತೆಯೇ ಹೆಚ್ಚಿತೇ? 1885ರಲ್ಲಿ ಭೌತವಿಜ್ಞಾನಿ ಕೋನಿಗ್ ಈ ಹೆಚ್ಚಳವನ್ನು ಹುಡುಕಿದರು, ಸಿಗಲಿಲ್ಲ. 1896ರಲ್ಲಿ ಡಫ್ ಸಿಕ್ಕಿತೆಂದರು. ಹೆಚ್ಚಿದ್ದು ಸ್ನಿಗ್ಧತೆಯಲ್ಲ, ಹರಿವಿಗೆ ಬಿದ್ದ ಅಡ್ಡಿ ಎಂಬುದು ಇಲ್ಲಿಯ ಸಿದ್ಧಾಂತ.

ಪೂರ್ವಪಕ್ಷದವರು ಹೇಳುವುದಿಷ್ಟು: ಧ್ರುವೀಯ ಅಣುಗಳು ಕ್ಷೇತ್ರದ ದಿಕ್ಕಿಗೆ ಸಾಲುಗೂಡುತ್ತವೆ, ಸಾಲುಗೂಡಿದ್ದನ್ನು ಕದಲಿಸಲು ಹೆಚ್ಚು ಬಲ ಬೇಕು. ಕೇಳಲು ಸೊಗಸು, ಲೆಕ್ಕಕ್ಕೆ ನಿಲ್ಲದು. ಈ ಕ್ಷೇತ್ರ ಮೀಟರಿಗೆ 10 ಲಕ್ಷ ವೋಲ್ಟ್. ಸಾಧಾರಣ ಧ್ರುವೀಯ ಅಣುವನ್ನು ತಿರುಗಿಸಲು ಅದು ಒದಗಿಸುವ ಶಕ್ತಿ, ಕೋಣೆಯ ಉಷ್ಣತೆಯಲ್ಲಿ ಅಣುವನ್ನು ಕುಣಿಸುವ ಶಕ್ತಿಯ 800ರಲ್ಲಿ ಒಂದು ಪಾಲು. ಕ್ಷೇತ್ರವನ್ನು ತಿರುವುಮುರುವು ಮಾಡಿದರೂ ಸ್ನಿಗ್ಧತೆ ಬದಲಾಗಬಾರದಷ್ಟೆ. ಆದ್ದರಿಂದ ಪರಿಣಾಮ ಆ ಪಾಲಿನ ವರ್ಗದಷ್ಟು, ಅಂದರೆ ಹತ್ತು ಲಕ್ಷದಲ್ಲಿ ಒಂದೆರಡು. ಅದನ್ನು ಯಾವ ಹರಿವಿನ ಮಾಪಕ ತೋರಿಸೀತು?

ಲಂಡನ್ನಿನಲ್ಲಿ ಆಂಡ್ರೇಡ್ ಮತ್ತು ಡಾಡ್ 1946ರಲ್ಲಿ ಪ್ರಕಟಿಸಿದ ಅಳತೆಗಳು ಈ ವಿವಾದದಲ್ಲಿ ನನಗೆ ಕಾಣುವ ಅತಿ ಗಟ್ಟಿ ಸಾಕ್ಷ್ಯ. ಅಧ್ರುವೀಯ ದ್ರವಗಳಲ್ಲಿ ಪರಿಣಾಮವೇ ಇಲ್ಲ. ಧ್ರುವೀಯವಾಗಿದ್ದು ತುಸು ವಿದ್ಯುತ್ ಹರಿಸುವ ದ್ರವಗಳಲ್ಲಿ ಉಂಟು. ಪರ್ಯಾಯ ವಿದ್ಯುತ್ತಿನ ಆವರ್ತನ ಏರಿದಂತೆ ಪರಿಣಾಮ ಇಳಿಯುತ್ತದೆ. ಈ ಇಳಿಕೆಯೇ ಕೀಲಿಕೈ. ಅಣುಗಳು ತಿರುಗುವುದು ಸೆಕೆಂಡಿನ ಕೋಟ್ಯಂಶಕ್ಕಿಂತಲೂ ಬೇಗ. 50 ಹರ್ಟ್ಸ್ ಅವಕ್ಕೆ ಲೆಕ್ಕವೇ ಅಲ್ಲ. ಅಯಾನು ಹಾಗಲ್ಲ. ತೆಳು ದ್ರವದಲ್ಲೂ ಅದರ ವೇಗ ಈ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 1 ಸೆಂ.ಮೀ.; ಸಂದಿ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. 50 ಹರ್ಟ್ಸ್‌ನಲ್ಲಿ ನೂರನೇ ಒಂದು ಭಾಗಕ್ಕೇ ದಿಕ್ಕು ಬದಲು! ಅಯಾನು ಎದುರು ಫಲಕ ಮುಟ್ಟುವುದೇ ಇಲ್ಲ. ಕಾರಣ ಅಯಾನುಗಳೇ.

ಆಕ್ಷೇಪ: ವಿದ್ಯುತ್ ಹರಿದರೆ ದ್ರವ ಕಾಯುತ್ತದಲ್ಲ? ಕಾಯುತ್ತದೆ, ಆದರೆ ಕಾದ ದ್ರವ ತೆಳುವಾಗುತ್ತದೆ. ಇಲ್ಲಿ ಕಂಡದ್ದು ಏರಿಕೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಒತ್ತಡ ಅಷ್ಟೇ ಇದ್ದು ಹರಿವು ಕಡಿಮೆಯಾದರೆ ಅದನ್ನೇ ಸ್ನಿಗ್ಧತೆ ಎಂದರೇನು ತಪ್ಪು? ಸ್ನಿಗ್ಧತೆ ದ್ರವದ ಗುಣ, ಪಾತ್ರೆಯ ಅಳತೆಗೆ ಅಂಟಿದ್ದಲ್ಲ. ಫಲಕದ ಬಳಿ ನೆರೆದು ಹರಿವಿಗೆ ಅಡ್ಡಿಯಾಗುವ ಅಯಾನುಗಳ ಪದರವಾದರೋ ಸಂದಿ ಕಿರಿದಾದಷ್ಟೂ ಸಂದಿಯ ದೊಡ್ಡ ಪಾಲು ಹಿಡಿಯುತ್ತದೆ. ಕ್ಷೇತ್ರ ಎಳೆದ ಅಯಾನುಗಳು ದ್ರವವನ್ನೂ ಅಡ್ಡಡ್ಡ ಎಳೆದು ಸುಳಿಯೆಬ್ಬಿಸಬಲ್ಲವು. ಜನ ಅಡ್ಡ ಹಾಯ್ದು ತೇರು ನಿಧಾನವಾದರೆ ಗಾಲಿಯ ಅಚ್ಚನ್ನು ಯಾರೂ ದೂರುವುದಿಲ್ಲ.

ಕೊನೆಗೆ ಅಮೆರಿಕದ ವಿನ್‌ಸ್ಲೋ ಹೆಸರು ಬಂದೇ ಬರುತ್ತದೆ. 1949ರ ಅವರ ಲೇಖನದ ಎಣ್ಣೆಗಳು ಕ್ಷೇತ್ರ ಬಿದ್ದೊಡನೆ ಬಿಗಿಯುತ್ತವೆ, ತೆಗೆದೊಡನೆ ಸಡಿಲುತ್ತವೆ. ಆದರೆ ಅವು ಬರಿಯ ಎಣ್ಣೆಯಲ್ಲ, ಪುಡಿ ಬೆರೆತ ಎಣ್ಣೆ. ಧ್ರುವೀಕರಣಗೊಂಡ ಕಣಗಳು ಫಲಕದಿಂದ ಫಲಕಕ್ಕೆ ಸರಪಳಿ ಕಟ್ಟುತ್ತವೆ. ಒಂದೊಂದು ಕಣದಲ್ಲೂ ಕೋಟಿಗಟ್ಟಲೆ ಅಣುಗಳಿರುವುದರಿಂದ ಮೇಲಿನ ಲೆಕ್ಕ ಅಲ್ಲಿ ತಲೆಕೆಳಗು. ಸರಪಳಿಗಳ ನಡುವಿನ ಎಣ್ಣೆ ಮಾತ್ರ ಮೊದಲಿನಷ್ಟೇ ತೆಳು.