ಸಿರೆಯಲ್ಲಿ ನಿಂತ ರಕ್ತ, ವೈದ್ಯನ ಧರ್ಮ

ಕಾಲಿನ ಆಳದ ಸಿರೆಯೊಂದರಲ್ಲಿ ರಕ್ತವು ಹೆಪ್ಪುಗಟ್ಟಿ ನಿಂತಿರುವ ರೋಗಿಯನ್ನು, ಆಯುರ್ವೇದವನ್ನೇ ನಂಬಿ ಬಾಳಿದ ವೈದ್ಯನು ತನ್ನಲ್ಲಿಯೇ ಇರಿಸಿಕೊಳ್ಳಬೇಕೆ, ಇಲ್ಲವೆ ಆಸ್ಪತ್ರೆಗೆ ಒಪ್ಪಿಸಬೇಕೆ ಎಂಬ ಪ್ರಶ್ನೆಯೊಳಗೆ ಶ್ರದ್ಧೆಯ ಸ್ವರೂಪವನ್ನು ಕುರಿತ ಧರ್ಮಜಿಜ್ಞಾಸೆಯೇ ಅಡಗಿದೆ. ಒಪ್ಪಿಸಿದರೆ ಋಷಿಪ್ರೋಕ್ತವಾದ ಶಾಸ್ತ್ರಕ್ಕೆ ದ್ರೋಹವಾದೀತೆಂದು ಅಂಜುವ ಸಜ್ಜನರಿದ್ದಾರೆ. ಅವರ ಅಂಜಿಕೆ ಗೌರವಾರ್ಹವಾದುದೇ. ಆದರೆ ಅದಕ್ಕೆ ಶಾಸ್ತ್ರದ ಆಧಾರವಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 18ನೆಯ ಅಧ್ಯಾಯವು ಬಾವುಗಳ ವಿಚಾರವನ್ನೇ ಕುರಿತದ್ದು. ಬೆರಳಿನಿಂದ ಒತ್ತಿಬಿಟ್ಟೊಡನೆ ಮೇಲೆದ್ದು ಬರುವ ಬಾವು ವಾತಜವೆಂದೂ, ಒತ್ತಿದ ಗುಳಿ ಹಾಗೆಯೇ ಉಳಿಯುವ ಬಾವು ಕಫಜವೆಂದೂ ಅಲ್ಲಿ ಹೇಳಿದೆ. ಒಂದೇ ಕಾಲಿನ ಮೀನಖಂಡವು ಊದಿ ಬಿಸಿಯೇರಿ ನೋಯುತ್ತಿರುವಾಗ ಎರಡು ಕಾಲುಗಳಿಗೂ ಅಳತೆಪಟ್ಟಿ ಸುತ್ತಿ, ಅಂತರವು 3 ಸೆಂಟಿಮೀಟರನ್ನು ಮೀರಿದರೆ ಶಂಕಿಸುವ ಇಂದಿನ ವೈದ್ಯನು ಆ ಪ್ರತ್ಯಕ್ಷಪ್ರಮಾಣವನ್ನೇ ಮುಂದುವರಿಸುತ್ತಿದ್ದಾನೆ. ಸಕಲ ವಿಕಾರಗಳಿಗೂ ಸ್ಥಿರವಾದ ಹೆಸರಿಲ್ಲದಿರುವುದರಿಂದ, ರೋಗದ ಹೆಸರು ತಿಳಿಯದೆಂದು ವೈದ್ಯನು ನಾಚಬೇಕಾಗಿಲ್ಲವೆಂಬ ಉದಾರವಾದ ಮಾತೂ ಅದೇ ಅಧ್ಯಾಯದಲ್ಲಿದೆ. ಈ ವ್ಯಾಧಿಯನ್ನು ಸಿರಾಗತವಾತವೆನ್ನಬೇಕೆ, ವಾತರಕ್ತವೆನ್ನಬೇಕೆ ಎಂದು ದಿನಗಟ್ಟಲೆ ವಾದಿಸುವವರು ಆ ಮಾತನ್ನೊಮ್ಮೆ ಮನನ ಮಾಡಬೇಕು.

ಏಕೆಂದರೆ ಇಲ್ಲಿ ಕಾಲಹರಣವೇ ಮೃತ್ಯುಹೇತು. ನೋಯುವ ಕಾಲಿಗೆ ಎಣ್ಣೆ ಸವರಿ ನೀವುವುದು ನಮ್ಮ ಮನೆಮನೆಯ ರೂಢಿ. ಆದರೆ ಆ ನೀವುವಿಕೆಯಿಂದಲೇ ಹೆಪ್ಪಿನ ತುಣುಕೊಂದು ಕಳಚಿ, ರಕ್ತಪ್ರವಾಹದೊಡನೆ ಹೃದಯವನ್ನು ಹಾದು ಶ್ವಾಸಕೋಶದ ಧಮನಿಯಲ್ಲಿ ಸಿಲುಕಿದರೆ, ಮಾತನಾಡುತ್ತಿದ್ದ ಮನುಷ್ಯನು ನಿಮಿಷಗಳೊಳಗೆ ಇಲ್ಲವಾಗಬಹುದು. ಸುಶ್ರುತನು ಒಂದು ಅಧ್ಯಾಯವನ್ನೇ ಮೀಸಲಿಟ್ಟ ಜಿಗಣೆಯ ಬಾಯಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವಿದೆಯೆಂದು 1884ರಲ್ಲಿ ಹೇಕ್ರಾಫ್ಟ್ ಎಂಬ ವಿಜ್ಞಾನಿ ಕಂಡುಹಿಡಿದದ್ದು ನಿಜ, ನಮಗೆ ಹೆಮ್ಮೆಯ ವಿಷಯವೂ ಹೌದು. ಆದರೂ ಜಿಗಣೆ ಕಚ್ಚಿದೆಡೆಯಲ್ಲಿ ಕೆಲಸಮಾಡುವ ಆ ದ್ರವ್ಯವನ್ನು ನಂಬಿ ಆಳದ ಸಿರೆಯ ಹೆಪ್ಪನ್ನು ಬಿಟ್ಟುಬಿಡುವಂತಿಲ್ಲ. ಅದಕ್ಕೆ ಹೆಪಾರಿನ್, ವಾರ್ಫರಿನ್‌ಗಳಂತಹ ಔಷಧಗಳೇ ಬೇಕು, ಅದೂ ತಡಮಾಡದೆ.

ಹೊಟ್ಟೆಯೊಳಗಿನ ಗಂಟಾದ ಗುಲ್ಮವು ಪಕ್ವವಾದಾಗ ಮುಂದಿನ ಕ್ರಿಯೆಯ ಅಧಿಕಾರವು ಧನ್ವಂತರಿ ಸಂಪ್ರದಾಯದ ಶಸ್ತ್ರವೈದ್ಯರದೆಂದು, ಸ್ವತಃ ಕಾಯಚಿಕಿತ್ಸೆಯ ಆಚಾರ್ಯನಾದ ಚರಕನು ನಿಸ್ಸಂಕೋಚವಾಗಿ ಬಿಟ್ಟುಕೊಟ್ಟನು. ಒಂದೇ ಶಾಸ್ತ್ರವನ್ನು ಓದಿದವನಿಗೆ ಆ ಶಾಸ್ತ್ರದ ನಿಶ್ಚಯವೂ ದೊರೆಯದೆಂದು ಸುಶ್ರುತನು ಎಚ್ಚರಿಸಿದನು. ಹೀಗಿರುವಲ್ಲಿ ರೋಗಿಯನ್ನು ತಕ್ಕವರ ಕೈಗೆ ಒಪ್ಪಿಸುವ ವೈದ್ಯನು ಆಚಾರ್ಯರ ಆಜ್ಞೆಯನ್ನೇ ಪಾಲಿಸಿದಂತಾಗುವುದಿಲ್ಲವೆ?

ಅಪಾಯ ಕಳೆದ ಮೇಲೆಯೂ ಕಾಲಿನ ಭಾರ ಮತ್ತು ಸಂಜೆಯ ಬಾವು ಕೆಲವರನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಆಗ ಪಥ್ಯ, ಮಲಶುದ್ಧಿ, ನಡಿಗೆ, ನಿದ್ರೆಗಳನ್ನು ರೋಗಿಯ ಪ್ರಕೃತಿಯರಿತು ತಾಳ್ಮೆಯಿಂದ ತಿದ್ದುವ ಆಯುರ್ವೇದಜ್ಞನಿಗೆ ಬೇಕಾದಷ್ಟು ಕಾರ್ಯವಿದೆ. ರಕ್ತವನ್ನು ತೆಳುಗೊಳಿಸುವ ಮಾತ್ರೆಯೊಡನೆ ಗುಗ್ಗುಳವೋ ಬೆಳ್ಳುಳ್ಳಿಯ ಯೋಗವೋ ಸೇರಿದರೆ ರಕ್ತಸ್ರಾವವಾದೀತೆಂದು ಅರಿತು ಅವನ್ನು ತಡೆಹಿಡಿಯಬೇಕಾದವನು ಅವನೇ. ತಾನು ಕುಡಿಯುತ್ತಿರುವ ಕಷಾಯವನ್ನು ಆಸ್ಪತ್ರೆಯ ವೈದ್ಯರಿಗೆ ಮುಚ್ಚಿಡಬಾರದೆಂದು ರೋಗಿಗೆ ತಿಳಿಹೇಳಬೇಕಾದವನೂ ಅವನೇ.