ಮೈ ಹೊತ್ತುಕೊಂಡ ಅವಮಾನ

ಶುಲ್ಕ ಕಟ್ಟಿಲ್ಲವೆಂದು ಆರನೆಯ ತರಗತಿಯಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. "ನಿನ್ನಪ್ಪ ದುಡಿಯುವುದಿಲ್ಲವೇ?" ಎಂದು ಮೇಷ್ಟ್ರು ಕೇಳಿದಾಗ ತರಗತಿಯೇ ನಕ್ಕಿತು. ಅದನ್ನು ಮರೆತೆನೆಂದೇ ಭಾವಿಸಿದ್ದೆ. ಆದರೆ ಇಂದಿಗೂ ಅಂಗಡಿಯಲ್ಲಿ ಹಣ ಸಾಲದೆ ಬಂದರೆ ಕಿವಿ ಬಿಸಿಯಾಗುತ್ತದೆ, ಗಂಟಲು ಕಟ್ಟುತ್ತದೆ. ಮನಸ್ಸು ಮರೆತದ್ದನ್ನು ಮೈ ಮರೆತಿಲ್ಲ.

ನಮ್ಮ ನುಡಿಗೆ ಈ ಸತ್ಯ ಹಿಂದೆಯೇ ಗೊತ್ತಿತ್ತು. ಮತ್ಸರವಾದರೆ ಹೊಟ್ಟೆ ಉರಿಯುತ್ತದೆ, ಭಯವಾದರೆ ಎದೆ ನಡುಗುತ್ತದೆ, ಅವಮಾನವಾದರೆ ತಲೆ ತಗ್ಗುತ್ತದೆ. ಆದರೂ ನೊಂದವರಿಗೆ ನಾವು ಹೇಳುವುದು "ಮರೆತುಬಿಡು" ಎಂದೇ.

1938ರಲ್ಲಿ ನಾಝಿಗಳಿಂದ ತಪ್ಪಿಸಿಕೊಂಡು ವಿಯೆನ್ನಾ ಬಿಟ್ಟ ಯಹೂದಿ ಕುಟುಂಬದ ಬಾಲಕ ಯೂಜಿನ್ ಜೆಂಡ್ಲಿನ್ ಮುಂದೆ ಅಮೆರಿಕದ ಶಿಕಾಗೋದಲ್ಲಿ ತತ್ವಜ್ಞಾನಿಯಾದರು. ಮನೋಚಿಕಿತ್ಸೆಯ ಧ್ವನಿಮುದ್ರಿಕೆಗಳನ್ನು ಆಲಿಸಿದ ಅವರಿಗೂ ಸಹೋದ್ಯೋಗಿಗಳಿಗೂ ಒಂದು ವಿಷಯ ಹೊಳೆಯಿತು. ಹೆಚ್ಚು ಗುಣ ಕಾಣುತ್ತಿದ್ದವರು ನಡುನಡುವೆ ತಡೆದು, ಒಳಗೇನಾಗುತ್ತಿದೆ ಎಂದು ಹುಡುಕಿ, ತಡವರಿಸುತ್ತಾ ಮಾತು ಕಂಡುಕೊಳ್ಳುತ್ತಿದ್ದರು. 1978ರ 'ಫೋಕಸಿಂಗ್' ಪುಸ್ತಕದಲ್ಲಿ ಜೆಂಡ್ಲಿನ್ ಇದನ್ನು ಯಾರೂ ಕಲಿಯಬಹುದಾದ ಅಭ್ಯಾಸವಾಗಿ ವಿವರಿಸಿದರು.

ಸುಮ್ಮನೆ ಕುಳಿತು, ಭಾರ ಎದೆಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂದು ಗಮನಿಸುವುದು. ಅದನ್ನು ಓಡಿಸದೆ, ಅದರಲ್ಲಿ ಮುಳುಗದೆ, ರೋಗಿಯ ಪಕ್ಕ ಕುಳಿತಂತೆ ಅದರ ಜೊತೆಗಿರುವುದು. ಅದಕ್ಕೊಂದು ಹೆಸರಿಟ್ಟು ನೋಡುವುದು. ಹೆಸರು ಸರಿಹೊಂದಿದರೆ ಬಿಗಿತ ತುಸು ಸಡಿಲವಾಗುತ್ತದೆ. ನನ್ನ ಗಂಟಲ ಬಿಗಿತಕ್ಕೆ 'ನಾಚಿಕೆ' ಎಂದು ನೋಡಿದೆ, ಅದು ಕದಲಲಿಲ್ಲ. 'ಅಪ್ಪನನ್ನು ಹೀಗಳೆದರಲ್ಲ ಎಂಬ ಸಿಟ್ಟು' ಎಂದಾಗ ಕಣ್ಣು ತುಂಬಿತು, ಉಸಿರು ಇಳಿಯಿತು.

ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ತಪ್ಪು ಮಾಡಿದವನಿಗೆ ನಾಚಿಕೆ ಬೇಕು. ಅದು ಅವನಿಂದ ಕ್ಷಮೆ ಕೇಳಿಸುತ್ತದೆ, ಅವನನ್ನು ತಿದ್ದುತ್ತದೆ. ಆದರೆ ಬಡತನಕ್ಕೆ, ಹುಟ್ಟಿಗೆ, ತನ್ನ ಮೇಲೆ ನಡೆದ ದೌರ್ಜನ್ಯಕ್ಕೆ ನೊಂದವರೇ ನಾಚುವಂತೆ ಸಮಾಜ ಮಾಡಿಟ್ಟಿದೆ. ಅವಮಾನಿಸಿದವನು ತಲೆಯೆತ್ತಿ ನಡೆಯುತ್ತಾನೆ, ಅವಮಾನಿತನು ಮುಖ ಮುಚ್ಚಿಕೊಳ್ಳುತ್ತಾನೆ. ಮೈಯ ಮಾತನ್ನು ತಾಳ್ಮೆಯಿಂದ ಆಲಿಸಿದಾಗ, ಹೊತ್ತ ಹೊರೆ ಯಾರದೆಂಬುದು ಸ್ಪಷ್ಟವಾಗತೊಡಗುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ತೀವ್ರ ಆಘಾತಕ್ಕೊಳಗಾದವರು ಒಂಟಿಯಾಗಿ ಈ ದಾರಿ ಹಿಡಿದರೆ ಹಳೆಯ ಭಯ ಮತ್ತೆ ಕೆರಳಬಹುದು. ತರಬೇತಿ ಪಡೆದ ಚಿಕಿತ್ಸಕರ ಜೊತೆ ಬೇಕು. ಇನ್ನೊಂದು, ಒಳಗಿನ ನೆಮ್ಮದಿ ಹೊರಗಿನ ನ್ಯಾಯಕ್ಕೆ ಬದಲಿಯಾಗಲಾರದು. ನೊಂದವರಿಗೆ ಉಸಿರಾಟ ಕಲಿಸಿ, ನೋಯಿಸಿದವರನ್ನು ಹಾಗೆಯೇ ಬಿಟ್ಟರೆ ಅದು ಇನ್ನೊಂದು ಅನ್ಯಾಯ.

ಬೆಂಚಿನ ಮೇಲೆ ನಿಂತ ಆ ಹುಡುಗನಿಗೆ ಇಂದು ಹೇಳಬಲ್ಲೆ: ಇಳಿದು ಬಾ ಮಗೂ, ತಲೆ ತಗ್ಗಿಸಬೇಕಾದವನು ನೀನಲ್ಲ. ನಮ್ಮ ನಡುವೆ ಇಂದೂ ಯಾವ ಮಕ್ಕಳು ಹಾಗೆ ನಿಂತಿದ್ದಾರೆ? ಅವರನ್ನು ನಿಲ್ಲಿಸಿದವರಲ್ಲಿ ನಾವೂ ಇದ್ದೇವೆಯೇ?